ಮುಂಬಯಿ–ಬೆಂಗಳೂರು: ವಿಮಾನದ ದೂರವೂ ಪ್ರಯಾಣದ ಕಾಲವೂ

೧. ಮೂರು ಅಂಕೆಗಳು

ಮುಂಬಯಿಯಿಂದ ಬೆಂಗಳೂರಿಗೆ ದೂರವೆಷ್ಟು ಎಂದು ಕೇಳಿದರೆ ಮೂವರಿಂದ ಮೂರು ಉತ್ತರಗಳು ಬರುವುದುಂಟು. ಉದ್ಯಾನ್ ಎಕ್ಸ್‌ಪ್ರೆಸ್ ಗಾಡಿಯಲ್ಲಿ ಹೋಗಿ ಬರುವವನು ಸುಮಾರು ೧೧೫೦ ಕಿಲೋಮೀಟರು ಎನ್ನುವನು. ಪುಣೆ, ಕೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿ, ಚಿತ್ರದುರ್ಗಗಳ ಹೆದ್ದಾರಿಯಲ್ಲಿ ಮೋಟಾರು ನಡೆಸಿದವನು ಒಂದು ಸಾವಿರಕ್ಕೆ ತುಸು ಕಡಿಮೆ ಎನ್ನುವನು. ವಿಮಾನದಲ್ಲಿ ಹೋದವನು ೮೩೩ ಎಂದಾನು. ಇಲ್ಲವೆ ಕಿಲೋಮೀಟರಿನ ಗೊಡವೆಯೇ ಬೇಡವೆಂದು ‘ಒಂದು ಮುಕ್ಕಾಲು ಗಂಟೆ’ ಎಂದು ಕಾಲದಲ್ಲಿಯೇ ಉತ್ತರ ಕೊಟ್ಟಾನು. ಮೂವರೂ ಹೇಳಿದುದು ದಿಟವೇ. ಎರಡು ಊರುಗಳೂ ಇದ್ದಲ್ಲಿಯೇ ಇವೆ. ಆದರೂ ನಡುವಿನ ಅಂತರ ಒಬ್ಬೊಬ್ಬನಿಗೆ ಒಂದೊಂದಾಗಿ ತೋರುತ್ತದೆ.

ಹೊರನಾಡಿನಲ್ಲಿ ನೆಲೆಸಿದವನಿಗೆ ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಊರಿನಲ್ಲಿ ವೃದ್ಧರಾದ ತಂದೆತಾಯಿಗಳನ್ನು ಬಿಟ್ಟು ಬಂದವನು ಒಂದಿಲ್ಲೊಂದು ದಿನ ಅವಸರದಿಂದ ಹೊರಡಬೇಕಾಗುವುದು. ಆ ದಿನ ಅವನಿಗೆ ಬೇಕಾಗುವುದು ಭೂಪಟದ ಅಳತೆಯಲ್ಲ. ಕರೆ ಬಂದ ಗಳಿಗೆಯಿಂದ ಮನೆಯ ಹೊಸ್ತಿಲು ತುಳಿಯುವವರೆಗೆ ಹಿಡಿಯುವ ಕಾಲದ ಸರಿಯಾದ ಅಂದಾಜು. ವಿಮಾನದ ವೇಳಾಪಟ್ಟಿಯಲ್ಲಿರುವ ‘ಒಂದು ಮುಕ್ಕಾಲು ಗಂಟೆ’ ಆ ಅಂದಾಜಿಗೆ ಎಷ್ಟು ಸಹಾಯಕ, ಎಷ್ಟು ದಾರಿ ತಪ್ಪಿಸುವಂಥದು ಎಂಬುದನ್ನು ತಿಳಿಯಬೇಕಾದರೆ ಆ ಅಂಕೆ ಹುಟ್ಟುವ ಬಗೆಯನ್ನು ಬುಡದಿಂದ ನೋಡಬೇಕು.

೨. ನೇರ ದೂರವನ್ನು ಲೆಕ್ಕ ಹಾಕುವ ಕ್ರಮ

ಭೂಮಿ ಗೋಳಾಕಾರವಾದುದರಿಂದ ಅದರ ಮೇಲಿನ ಎರಡು ಸ್ಥಳಗಳ ನಡುವಣ ಅತಿ ಹತ್ತಿರದ ಹಾದಿಯೆಂದರೆ ಅವೆರಡನ್ನೂ ಮುಟ್ಟಿ ಹಾಯುವ ಮಹಾವೃತ್ತದ ತುಣುಕು. ಭೂಮಿಯ ಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳ ವೃತ್ತಕ್ಕೆ ಮಹಾವೃತ್ತವೆಂದು ಹೆಸರು. ವಿಮಾನದ ದೂರ ಎನ್ನುವುದು ಮೂಲತಃ ಈ ತುಣುಕಿನ ಉದ್ದವೇ. ಅದನ್ನು ಕಂಡುಹಿಡಿಯಲು ದೊಡ್ಡ ಯಂತ್ರವೇನೂ ಬೇಡ. ಶಾಲೆಯ ಭೂಪಟ ಪುಸ್ತಕ, ಒಂದು ಹಾಳೆ, ಒಂದು ಪೆನ್ಸಿಲು ಸಾಕು.

ಪಂಚಾಂಗ ನೋಡಿ ಬಲ್ಲವರಿಗೆ ಅಂಶ, ಕಲೆ ಎಂಬ ಮಾತುಗಳು ಹೊಸವಲ್ಲ. ಒಂದು ಅಂಶಕ್ಕೆ ೬೦ ಕಲೆಗಳು. ಭೂಮಿಯ ಮೇಲೆ ಉತ್ತರ ದಕ್ಷಿಣವಾಗಿ ಒಂದು ಕಲೆಯಷ್ಟು ಸರಿದರೆ ಎಷ್ಟು ದೂರವಾಗುವುದೋ ಅದನ್ನೇ ನಾವಿಕರು ತಮ್ಮ ಮೈಲಿಯನ್ನಾಗಿ ಮಾಡಿಕೊಂಡರು. ಈ ನಾವಿಕ ಮೈಲಿ ೧.೮೫೨ ಕಿಲೋಮೀಟರಿಗೆ ಸಮ. ಹಡಗಿನವರಿಂದ ಅದು ವಿಮಾನದವರಿಗೆ ಬಂದಿತು. ಇಂದಿಗೂ ಆಕಾಶದಲ್ಲಿ ದೂರವನ್ನು ಅಳೆಯುವುದು ಅದರಿಂದಲೇ.

ಮುಂಬಯಿಯ ಸಾಂತಾಕ್ರೂಜ್ ನಿಲ್ದಾಣವಿರುವುದು ಉತ್ತರ ಅಕ್ಷಾಂಶ ೧೯ ಅಂಶ ೫ ಕಲೆ, ಪೂರ್ವ ರೇಖಾಂಶ ೭೨ ಅಂಶ ೫೨ ಕಲೆಗಳಲ್ಲಿ. ಬೆಂಗಳೂರಿನ ದೇವನಹಳ್ಳಿಯ ನಿಲ್ದಾಣವಿರುವುದು ೧೩ ಅಂಶ ೧೨ ಕಲೆ, ೭೭ ಅಂಶ ೪೨ ಕಲೆಗಳಲ್ಲಿ. ಅಕ್ಷಾಂಶಗಳ ಅಂತರ ೫ ಅಂಶ ೫೩ ಕಲೆ, ಎಂದರೆ ೩೫೩ ಕಲೆ. ಆದುದರಿಂದ ಬೆಂಗಳೂರು ಮುಂಬಯಿಗಿಂತ ೩೫೩ ನಾವಿಕ ಮೈಲಿ ದಕ್ಷಿಣಕ್ಕಿದೆ. ರೇಖಾಂಶಗಳ ಅಂತರ ೪ ಅಂಶ ೫೦ ಕಲೆ, ಎಂದರೆ ೨೯೦ ಕಲೆ. ಆದರೆ ರೇಖಾಂಶಗಳು ಧ್ರುವದ ಕಡೆಗೆ ಹೋದಂತೆ ಒಂದನ್ನೊಂದು ಸಮೀಪಿಸುವುದರಿಂದ ಇದನ್ನು ಹಾಗೆಯೇ ಮೈಲಿಯೆಂದು ಎಣಿಸಲಾಗದು. ಎರಡು ಊರುಗಳ ನಡುವಣ ಅಕ್ಷಾಂಶವಾದ ಸುಮಾರು ೧೬ ಅಂಶದಲ್ಲಿ ಒಂದು ಕಲೆಯ ಬೆಲೆ ೦.೯೬ ನಾವಿಕ ಮೈಲಿಯಷ್ಟೆ. ೨೯೦ನ್ನು ೦.೯೬ರಿಂದ ಗುಣಿಸಿದರೆ ೨೭೮. ಎಂದರೆ ಬೆಂಗಳೂರು ಅಷ್ಟು ಪೂರ್ವಕ್ಕಿದೆ.

ಈಗ ಲಂಬಕೋನ ತ್ರಿಭುಜದ ಎರಡು ಭುಜಗಳು ದೊರೆತವು. ೩೫೩ರ ವರ್ಗಕ್ಕೆ ೨೭೮ರ ವರ್ಗವನ್ನು ಕೂಡಿಸಿ ವರ್ಗಮೂಲ ತೆಗೆದರೆ ೪೫೦ಕ್ಕೆ ತೀರ ಸಮೀಪದ ಸಂಖ್ಯೆ ಬರುವುದು. ೪೫೦ ನಾವಿಕ ಮೈಲಿಯೆಂದರೆ ೮೩೩ ಕಿಲೋಮೀಟರು; ಹಳೆಯ ರೂಢಿಯ ಮೈಲಿಯಲ್ಲಿ ಸುಮಾರು ೫೧೮. ಗೋಳದ ಬಾಗನ್ನು ಪೂರ್ತಿಯಾಗಿ ಲೆಕ್ಕಕ್ಕೆ ತೆಗೆದುಕೊಂಡರೂ ಈ ಅಂಕೆ ಒಂದೆರಡು ಕಿಲೋಮೀಟರಿಗಿಂತ ಹೆಚ್ಚು ಬದಲಾಗದು. ಈ ಗೆರೆಯನ್ನು ಭೂಪಟದ ಮೇಲೆ ಎಳೆದರೆ ಅದು ಸಾಂಗಲಿ, ಮುಧೋಳ, ಗದಗ, ಚಿತ್ರದುರ್ಗಗಳ ಸಮೀಪದಲ್ಲಿ ಹಾದುಹೋಗುವುದು.

ಇಷ್ಟು ಸುಲಭದ ಲೆಕ್ಕ ಸಲ್ಲುವುದು ಹತ್ತಿರದ ಊರುಗಳಿಗೆ ಮಾತ್ರ. ದೂರ ಹೆಚ್ಚಿದಂತೆ ಗೋಳವು ತನ್ನ ಸ್ವಭಾವವನ್ನು ತೋರಿಸುವುದು. ೨೦೨೧ರ ಜನವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾ ವಿಮಾನವೊಂದು ನಡುವೆ ಎಲ್ಲಿಯೂ ಇಳಿಯದೆ ಬೆಂಗಳೂರನ್ನು ಸೇರಿತು. ಅದನ್ನು ನಡೆಸಿದವರೆಲ್ಲರೂ ಮಹಿಳೆಯರು. ಸುಮಾರು ೧೪,೦೦೦ ಕಿಲೋಮೀಟರಿನ ಆ ಪಯಣ ಸಾಗಿದ್ದು ಉತ್ತರ ಧ್ರುವದ ಮೇಲಿನಿಂದ. ಗೋಡೆಯ ಭೂಪಟ ನೋಡುವವನಿಗೆ ಇದು ವಿಚಿತ್ರವೆನಿಸಬಹುದು. ಗೋಳದ ಮೇಲೆ ದಾರವಿಟ್ಟು ನೋಡುವವನಿಗೆ ಅದಕ್ಕಿಂತ ಸಹಜವಾದ ಹಾದಿ ಇನ್ನೊಂದು ಕಾಣದು.

೩. ಹಳಿಯ ದೂರ ಏಕೆ ಹೆಚ್ಚು?

ನೇರ ದೂರ ೮೩೩ ಆಗಿರುವಾಗ ರೈಲಿನ ದೂರ ಅದಕ್ಕಿಂತ ಮುನ್ನೂರು ಕಿಲೋಮೀಟರಿಗೂ ಹೆಚ್ಚಾಗಲು ಕಾರಣವೇನು? ಘಟ್ಟಗಳು ಒಂದು ಕಾರಣ. ಮುಂಬಯಿಯ ರೈಲು ೧೮೬೩ರಲ್ಲಿ ಭೋರ್ ಘಟ್ಟವನ್ನು ಹತ್ತಿ ದಖ್ಖಣಕ್ಕೆ ಬಂದಿತು. ಎರಡನೆಯದು ಇದಕ್ಕಿಂತ ಮುಖ್ಯವಾದ ಕಾರಣ. ಅಲ್ಲಿಂದ ಮುಂದೆ ಸೊಲ್ಲಾಪುರ, ಕಲಬುರಗಿ, ವಾಡಿಗಳ ಮೂಲಕ ಹಾಸಿದ ಹಳಿಯ ಗುರಿ ಬೆಂಗಳೂರಾಗಿರಲಿಲ್ಲ, ಮದರಾಸು ಆಗಿತ್ತು. ಮುಂಬಯಿಯ ಕಡೆಯ ಹಳಿಯೂ ಮದರಾಸಿನ ಕಡೆಯ ಹಳಿಯೂ ೧೮೭೧ರಲ್ಲಿ ರಾಯಚೂರಿನಲ್ಲಿ ಕೂಡಿದವು. ಇಂದಿಗೂ ಬೆಂಗಳೂರಿನ ಪ್ರಯಾಣಿಕನು ಗುಂತಕಲ್ಲಿನವರೆಗೆ ಮದರಾಸಿನ ದಾರಿಯಲ್ಲಿಯೇ ಸಾಗಿ ಅಲ್ಲಿಂದ ದಕ್ಷಿಣಕ್ಕೆ ತಿರುಗಬೇಕು. ತ್ರಿಭುಜದ ಒಂದು ಭುಜದಲ್ಲಿ ಹೋಗುವ ಬದಲು ಎರಡು ಭುಜಗಳನ್ನು ಸುತ್ತಿದಂತೆ.

ಮೀರಜ, ಬೆಳಗಾವಿ, ಹುಬ್ಬಳ್ಳಿಗಳ ಹಾದಿ ಹೆಚ್ಚು ನೇರವಾದುದು. ಆದರೆ ದಕ್ಷಿಣ ಮರಾಠಾ ರೈಲ್ವೆಯವರು ಅಲ್ಲಿ ಹಾಸಿದುದು ಮೀಟರ್ ಗೇಜ್ ಹಳಿ. ಮುಂಬಯಿಯಿಂದ ಬಂದವನು ಗಂಟುಮೂಟೆ ಇಳಿಸಿ ಗಾಡಿ ಬದಲಾಯಿಸದೆ ಧಾರವಾಡದ ಕಡೆಗೆ ಹೋಗುವಂತಿರಲಿಲ್ಲ. ಮೊದಲು ಪುಣೆಯಲ್ಲಿ, ಆಮೇಲೆ ಮೀರಜದಲ್ಲಿ ಈ ಬದಲಾವಣೆ ತಪ್ಪುತ್ತಿರಲಿಲ್ಲ. ೧೯೯೦ರ ದಶಕದಲ್ಲಿ ಆ ಹಾದಿಯೆಲ್ಲ ಬ್ರಾಡ್ ಗೇಜ್ ಆದ ಬಳಿಕವೇ ಈ ತೊಡಕು ತೀರಿತು. ಹಳಿಯ ದೂರವು ನೆಲದ ಏರಿಳಿತವನ್ನು ಮಾತ್ರವಲ್ಲ, ಹಾಸಿದವರ ಉದ್ದೇಶವನ್ನೂ ತನ್ನೊಳಗೆ ಇಟ್ಟುಕೊಂಡಿರುತ್ತದೆ.

೪. ವೇಗದ ಇತಿಹಾಸ

ಆಕಾಶಕ್ಕೆ ಘಟ್ಟವಿಲ್ಲ, ಗೇಜ್ ಇಲ್ಲ. ಆದರೂ ಅಲ್ಲಿಯ ಕಾಲವು ಒಮ್ಮೆಲೆ ಇಳಿದುಬಂದುದಲ್ಲ. ೧೯೩೨ರ ಅಕ್ಟೋಬರ್ ೧೫ರಂದು ಜೆ. ಆರ್. ಡಿ. ಟಾಟಾ ಅವರು ಪುಸ್ ಮಾತ್ ಎಂಬ ಸಣ್ಣ ವಿಮಾನದಲ್ಲಿ ಅಂಚೆ ಚೀಲಗಳನ್ನು ಹೇರಿಕೊಂಡು ಕರಾಚಿಯಿಂದ ಬೆಳಿಗ್ಗೆ ಹೊರಟು ಅಹಮದಾಬಾದಿನಲ್ಲಿ ಎಣ್ಣೆ ತುಂಬಿಸಿಕೊಂಡು ಮಧ್ಯಾಹ್ನ ಮುಂಬಯಿಯ ಜುಹುವಿನಲ್ಲಿ ಇಳಿದರು. ಅಲ್ಲಿಂದ ಮುಂದಕ್ಕೆ ಅಂಚೆಯನ್ನು ಒಯ್ದವರು ನೆವಿಲ್ ವಿನ್ಸೆಂಟ್ ಎಂಬವರು. ಅವರು ಮದರಾಸಿಗೆ ಹೋದುದು ಬಳ್ಳಾರಿಯ ಮೂಲಕ. ಭಾರತದ ವಿಮಾನ ಅಂಚೆಯ ಚರಿತ್ರೆಯ ಮೊದಲ ಪುಟದಲ್ಲಿಯೇ ಕನ್ನಡನಾಡಿನ ಒಂದು ಊರಿನ ಹೆಸರು ಸೇರಿಕೊಂಡಿರುವುದು ಹೀಗೆ. ಕರಾಚಿ–ಮುಂಬಯಿಗಳ ಅಂತರವು ಮುಂಬಯಿ–ಬೆಂಗಳೂರುಗಳ ಅಂತರಕ್ಕಿಂತ ಬಹಳ ಹೆಚ್ಚಿನದಲ್ಲ. ಅಷ್ಟನ್ನು ದಾಟಲು ಅಂದು ಒಂದು ಪೂರ್ವಾಹ್ನ ಬೇಕಾಯಿತು.

ಎರಡನೆಯ ಮಹಾಯುದ್ಧದ ಬಳಿಕ ಬಂದ ಡಕೋಟ ವಿಮಾನಗಳ ವೇಗ ಗಂಟೆಗೆ ಸುಮಾರು ೨೭೦ ಕಿಲೋಮೀಟರು. ೧೯೫೩ರಲ್ಲಿ ಸ್ಥಾಪಿತವಾದ ಇಂಡಿಯನ್ ಏರ್‌ಲೈನ್ಸ್ ಸಂಸ್ಥೆಗೆ ೧೯೫೭ರಲ್ಲಿ ವೈಕೌಂಟ್ ವಿಮಾನಗಳು ಬಂದವು. ಅವುಗಳ ವೇಗ ಸುಮಾರು ೫೦೦. ೧೯೬೪ರಲ್ಲಿ ಕ್ಯಾರವೆಲ್ ಜೆಟ್ ಬಂದಾಗ ವೇಗ ೮೦೦ರ ನೆರೆಗೆ ಏರಿತು. ಮುಂಬಯಿ–ಬೆಂಗಳೂರಿನ ದೂರವನ್ನು ಈ ವೇಗಗಳಿಂದ ಭಾಗಿಸಿದರೆ ಡಕೋಟಕ್ಕೆ ಮೂರು ಗಂಟೆಗೂ ಮೇಲೆ, ವೈಕೌಂಟಿಗೆ ಒಂದು ಗಂಟೆ ನಲವತ್ತು ನಿಮಿಷ, ಜೆಟ್ಟಿಗೆ ಒಂದು ಗಂಟೆಗೆ ತುಸು ಹೆಚ್ಚು ಕಾಲ ಸಿಗುವುದು.

ಇಲ್ಲಿಗೆ ವೇಗದ ಕಥೆ ನಿಂತಿತು. ಇಂದಿನ ಏರ್‌ಬಸ್, ಬೋಯಿಂಗ್ ವಿಮಾನಗಳ ಓಟವೂ ಗಂಟೆಗೆ ಸುಮಾರು ೮೩೦ ಕಿಲೋಮೀಟರೇ. ಹನ್ನೊಂದು ಕಿಲೋಮೀಟರು ಎತ್ತರದ ತಣ್ಣನೆಯ ಗಾಳಿಯಲ್ಲಿ ಶಬ್ದದ ವೇಗ ಗಂಟೆಗೆ ೧೦೬೦ರ ಸುಮಾರು. ವಿಮಾನವು ಅದರ ಹತ್ತಿರ ಹತ್ತಿರಕ್ಕೆ ಬಂದಂತೆ ಗಾಳಿಯ ಪ್ರತಿರೋಧ ಏಕಾಏಕಿ ಹೆಚ್ಚಿ ಎಣ್ಣೆಯ ಖರ್ಚು ಕೈಮೀರುವುದು. ಆದಕಾರಣ ಶಬ್ದದ ವೇಗದ ನೂರರಲ್ಲಿ ೭೮ರಷ್ಟರಲ್ಲಿ ವಿಮಾನಗಳನ್ನು ನಡೆಸುವುದು ರೂಢಿಯಾಗಿದೆ. ಅರುವತ್ತು ವರ್ಷಗಳಲ್ಲಿ ವಿಮಾನ ಅಗ್ಗವಾಗಿದೆ, ದೊಡ್ಡದಾಗಿದೆ, ಅದರ ಇಂಜಿನ್ನುಗಳು ಮಿತವ್ಯಯಿಗಳಾಗಿವೆ. ಹೆಚ್ಚು ವೇಗದ್ದು ಮಾತ್ರ ಆಗಲಿಲ್ಲ.

೫. ಒಂದು ಗಂಟೆಗೆ ಮುಕ್ಕಾಲು ಗಂಟೆ ಸೇರುವ ಬಗೆ

ಗಂಟೆಗೆ ೮೩೦ ಕಿಲೋಮೀಟರು ವೇಗ, ೮೩೩ ಕಿಲೋಮೀಟರು ದೂರ: ಲೆಕ್ಕದ ಪ್ರಕಾರ ಬೆಂಗಳೂರು ಮುಂಬಯಿಯಿಂದ ಒಂದು ಗಂಟೆಯ ಹಾದಿ. ವೇಳಾಪಟ್ಟಿಯಲ್ಲಿ ಇರುವುದು ಒಂದು ಮುಕ್ಕಾಲು ಗಂಟೆ, ಕೆಲವೊಮ್ಮೆ ಇನ್ನೂ ಐದು ಹತ್ತು ನಿಮಿಷ ಹೆಚ್ಚು. ಉಳಿದ ಮುಕ್ಕಾಲು ಗಂಟೆಯ ಜಮಾಖರ್ಚನ್ನು ತೆಗೆದು ನೋಡಬೇಕು.

ವಿಮಾನ ಮೇಲಕ್ಕೇರಿ ಮತ್ತೆ ಇಳಿಯುವುದರಿಂದ ದೂರ ಹೆಚ್ಚುವುದೆಂದು ಹಲವರ ಊಹೆ. ಅದು ಸರಿಯಲ್ಲ. ಇನ್ನೂರು ಕಿಲೋಮೀಟರು ಮುಂದಕ್ಕೆ ಸಾಗುತ್ತ ಹನ್ನೊಂದು ಕಿಲೋಮೀಟರು ಮೇಲೇರಿದರೆ ಹೆಚ್ಚುವ ದೂರ ಮುನ್ನೂರು ಮೀಟರು ಮಾತ್ರ. ಹೆಚ್ಚುವುದು ದೂರವಲ್ಲ, ಕಾಲ. ಏರುವಾಗಲೂ ಇಳಿಯುವಾಗಲೂ ವಿಮಾನದ ವೇಗ ಕಡಿಮೆ. ಹತ್ತು ಸಾವಿರ ಅಡಿಗಿಂತ ಕೆಳಗೆ ಗಂಟೆಗೆ ೨೫೦ ನಾವಿಕ ಮೈಲಿಯನ್ನು ಮೀರಬಾರದೆಂಬುದು ಸಾಮಾನ್ಯ ನಿಯಮ. ಬೆಂಗಳೂರಿಗೆ ಬರುವ ವಿಮಾನ ಚಿತ್ರದುರ್ಗದ ನೇರಕ್ಕೆ ಬರುವಾಗಲೇ ಇಳಿಯತೊಡಗಬೇಕು. ನಡುವಿನ ಪೂರ್ಣವೇಗದ ಓಟಕ್ಕೆ ಅರ್ಧ ಹಾದಿಯ ಮೇಲೆ ಸ್ವಲ್ಪವಷ್ಟೇ ಉಳಿಯುವುದು. ಇದಕ್ಕೆ ಸುಮಾರು ಹತ್ತು ನಿಮಿಷ ಖರ್ಚು ಬರೆಯಬಹುದು.

ಇನ್ನು ದಿಕ್ಕಿನ ಮಾತು. ವಿಮಾನ ಏರಬೇಕಾದುದು, ಇಳಿಯಬೇಕಾದುದು ಗಾಳಿಗೆ ಎದುರಾಗಿ. ಮುಂಬಯಿಯಲ್ಲಿ ವರ್ಷದ ಬಹುಭಾಗ ಗಾಳಿ ಸಮುದ್ರದ ಕಡೆಯಿಂದ ಬೀಸುವುದರಿಂದ ಆಗ್ನೇಯಕ್ಕೆ ಹೋಗಬೇಕಾದ ವಿಮಾನವು ಮೊದಲು ಪಶ್ಚಿಮಕ್ಕೆ ಅರಬ್ಬೀ ಸಮುದ್ರದ ಮೇಲೆ ಹಾರಿ ಅನಂತರ ತಿರುಗುವುದು. ದೇವನಹಳ್ಳಿಯ ರನ್‌ವೇಗಳೂ ಪೂರ್ವಪಶ್ಚಿಮವಾಗಿವೆ. ಗಾಳಿ ಪಶ್ಚಿಮದಿಂದ ಬೀಸುತ್ತಿದ್ದರೆ ಮುಂಬಯಿಯ ವಿಮಾನ ನಿಲ್ದಾಣವನ್ನು ದಾಟಿ ಪೂರ್ವಕ್ಕೆ ಹೋಗಿ ಮರಳಿ ಬರಬೇಕು. ನಡುವೆಯೂ ಹಾದಿ ನೂಲು ಹಿಡಿದಂತೆ ನೇರವಾಗಿಲ್ಲ. ಗೊತ್ತುಪಡಿಸಿದ ಆಕಾಶಮಾರ್ಗಗಳ ತಿರುವುಗಳಿವೆ. ಇದಕ್ಕೆ ಇನ್ನೊಂದು ಹತ್ತು ನಿಮಿಷ.

ಮೂರನೆಯದು ನೆಲದ ಮೇಲಿನ ಕಾಲ. ವೇಳಾಪಟ್ಟಿಯ ಗಡಿಯಾರ ಆರಂಭವಾಗುವುದು ವಿಮಾನ ನೆಲ ಬಿಟ್ಟಾಗಲ್ಲ. ನಿಂತ ಜಾಗದಿಂದ ಕದಲಿದಾಗ. ಅದು ನಿಲ್ಲುವುದೂ ನೆಲ ಮುಟ್ಟಿದಾಗಲ್ಲ; ಇನ್ನೊಂದು ಊರಿನ ನಿಲುಗಡೆಗೆ ಬಂದು ತಂಗಿದಾಗ. ಮುಂಬಯಿಯ ಎರಡು ರನ್‌ವೇಗಳು ಒಂದನ್ನೊಂದು ಕತ್ತರಿಯಂತೆ ಅಡ್ಡಹಾಯುವುದರಿಂದ ಎರಡನ್ನೂ ಒಟ್ಟಿಗೆ ಬಳಸುವಂತಿಲ್ಲ. ಬೆಂಗಳೂರಿನಲ್ಲಾದರೋ ೨೦೧೯ರ ಡಿಸೆಂಬರಿನಲ್ಲಿ ಸಮಾನಾಂತರವಾದ ಎರಡನೆಯ ರನ್‌ವೇ ಬಳಕೆಗೆ ಬಂದಿತು. ಹೀಗಾಗಿ ಮುಂಬಯಿಯಲ್ಲಿ ಸರದಿ ಕಾಯುವುದು ತಪ್ಪದು. ಎರಡು ಕಡೆಯ ನೆಲದ ಓಡಾಟಕ್ಕೆ ಹದಿನೈದರಿಂದ ಇಪ್ಪತ್ತು ನಿಮಿಷ ಹಿಡಿಯಬೇಕು.

ಕೊನೆಯ ಬಾಬತು ಬ್ಯಾಂಕಿನವರಿಗೆ ಪರಿಚಿತವಾದುದು: ಕಾದಿರಿಸಿದ ನಿಧಿ. ಗೊತ್ತಾದ ಸಮಯಕ್ಕಿಂತ ಹದಿನೈದು ನಿಮಿಷದೊಳಗೆ ಬಂದರೆ ವಿಮಾನ ಸಕಾಲಕ್ಕೆ ಬಂದಂತೆ ಎಣಿಕೆ. ಆ ಎಣಿಕೆಯಲ್ಲಿ ಹೆಸರು ಕೆಡದಿರಲೆಂದು ಕಂಪನಿಗಳು ಅನಿರೀಕ್ಷಿತ ವಿಳಂಬಕ್ಕಾಗಿ ಹತ್ತು ನಿಮಿಷವನ್ನು ಮೊದಲೇ ವೇಳಾಪಟ್ಟಿಯಲ್ಲಿ ಸೇರಿಸಿಟ್ಟಿರುತ್ತವೆ. ತಡವಾಗಿ ಹೊರಟ ವಿಮಾನ ಸರಿಯಾದ ಹೊತ್ತಿಗೆ ಮುಟ್ಟುವುದನ್ನು ಕಂಡು ಚಾಲಕನು ವೇಗ ಹೆಚ್ಚಿಸಿದನೆಂದು ಪ್ರಯಾಣಿಕರು ಹೊಗಳುವುದುಂಟು. ವಾಸ್ತವವಾಗಿ ಖರ್ಚಾದುದು ಈ ನಿಧಿ. ಒಂದು ಗಂಟೆಗೆ ಇವೆಲ್ಲವನ್ನೂ ಕೂಡಿಸಿದರೆ ಒಂದು ಮುಕ್ಕಾಲು ಗಂಟೆಯ ಅಂಕೆ ಬಂದು ನಿಲ್ಲುವುದು.

ಗಾಳಿಯ ಪಾತ್ರ ಈ ಹಾದಿಯಲ್ಲಿ ಅಲ್ಪ. ಮಳೆಗಾಲದಲ್ಲಿ ಪರ್ಯಾಯದ್ವೀಪದ ಮೇಲೆ ಬಹು ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬಲವಾದ ವಾಯುಪ್ರವಾಹವೊಂದು ಹರಿಯುತ್ತದೆ. ೧೯೫೮ರಲ್ಲಿ ಅದನ್ನು ವಿವರಿಸಿದವರು ಭಾರತದ ಹವಾಮಾನ ಶಾಸ್ತ್ರಜ್ಞ ಪಿ. ಕೋಟೇಶ್ವರಂ ಅವರು. ವಿಮಾನಗಳು ಹಾರುವ ಎತ್ತರದಲ್ಲಿಯೂ ಆ ದಿನಗಳಲ್ಲಿ ಮೂಡಣ ಗಾಳಿಯೇ. ಬೆಂಗಳೂರಿಗೆ ಹೋಗುವಾಗ ಅದು ಎದುರು, ಮುಂಬಯಿಗೆ ಮರಳುವಾಗ ಬೆಂಬಲ. ಎದುರುಗಾಳಿಯ ವೇಗ ಗಂಟೆಗೆ ೪೦ ಕಿಲೋಮೀಟರಾದರೆ ಒಂದು ಗಂಟೆಯ ಹಾದಿಗೆ ಮೂರು ನಿಮಿಷ ಹೆಚ್ಚುವುದು, ಅಷ್ಟೆ.

ಈ ಮುಕ್ಕಾಲು ಗಂಟೆಯನ್ನು ನಷ್ಟವೆಂದು ಬಗೆಯಲಾಗದು. ೧೯೯೦ರ ಫೆಬ್ರುವರಿ ೧೪ರಂದು ಇದೇ ಮಾರ್ಗದಲ್ಲಿ ಮುಂಬಯಿಯಿಂದ ಹೊರಟ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ ವಿಮಾನವು ಬೆಂಗಳೂರಿನಲ್ಲಿ ಇನ್ನೇನು ಇಳಿಯಬೇಕು ಎನ್ನುವಾಗ ರನ್‌ವೇಗೆ ಮೊದಲೇ ನೆಲಕ್ಕೆ ಅಪ್ಪಳಿಸಿತು. ಅದರಲ್ಲಿದ್ದ ೧೪೬ ಮಂದಿಯಲ್ಲಿ ೯೨ ಮಂದಿ ಮಡಿದರು. ಇಳಿಯುವಾಗ ಇಂಜಿನ್ನುಗಳ ಬಲ ತಗ್ಗಿಯೇ ಉಳಿದು ವೇಗ ಕುಂದುತ್ತಿದ್ದುದು ಸಕಾಲದಲ್ಲಿ ಗಮನಕ್ಕೆ ಬಾರದೆ ಹೋಗಿತ್ತು. ಆಕಾಶದಲ್ಲಿ ಒಂದು ಗಂಟೆಯ ಹಾದಿಯಲ್ಲಿ ಕೊನೆಯ ಕೆಲವು ನಿಮಿಷಗಳ ಬೆಲೆ ಎಲ್ಲಕ್ಕಿಂತ ಹೆಚ್ಚು. ಅವುಗಳಲ್ಲಿ ಮಿತವ್ಯಯ ಸಲ್ಲದು.

೬. ಎರಡು ಊರುಗಳ ಗಡಿಯಾರ

ಹೊರಟ ಹೊತ್ತನ್ನು ಮುಟ್ಟಿದ ಹೊತ್ತಿನಿಂದ ಕಳೆದರೆ ಪ್ರಯಾಣದ ಕಾಲ ಸಿಗುವುದೆಂಬುದು ಸರಳವಾಗಿ ಕಂಡರೂ ಅದರ ಹಿಂದೆ ಒಂದು ಒಪ್ಪಂದವಿದೆ: ಎರಡು ಊರುಗಳಲ್ಲಿಯೂ ಗಡಿಯಾರ ಒಂದೇ ಆಗಿರಬೇಕು. ಸೂರ್ಯನನ್ನು ಕೇಳಿದರೆ ಅವು ಒಂದಲ್ಲ. ಭೂಮಿ ಒಂದು ಅಂಶ ತಿರುಗಲು ನಾಲ್ಕು ನಿಮಿಷ ಬೇಕು. ಬೆಂಗಳೂರು ಮುಂಬಯಿಗಿಂತ ೪ ಅಂಶ ೫೦ ಕಲೆ ಪೂರ್ವಕ್ಕಿರುವುದರಿಂದ ಅಲ್ಲಿ ಮಧ್ಯಾಹ್ನವು ೧೯ ನಿಮಿಷ ಮೊದಲಾಗುತ್ತದೆ. ಆಯಾ ಊರಿನ ಸೂರ್ಯನನ್ನು ಅನುಸರಿಸಿ ವೇಳಾಪಟ್ಟಿ ಬರೆದಿದ್ದರೆ ಹೋಗುವ ಪ್ರಯಾಣ ೧೯ ನಿಮಿಷ ಹೆಚ್ಚಾಗಿಯೂ ಬರುವ ಪ್ರಯಾಣ ೧೯ ನಿಮಿಷ ಕಡಿಮೆಯಾಗಿಯೂ ತೋರುತ್ತಿತ್ತು.

೧೯೦೬ರಲ್ಲಿ ಭಾರತಕ್ಕೆಲ್ಲ ಒಂದೇ ಪ್ರಮಾಣ ಸಮಯ ಬಂದಿತು. ಅದರ ಆಧಾರ ಪೂರ್ವ ರೇಖಾಂಶ ೮೨ ಅಂಶ ೩೦ ಕಲೆ. ಆದರೂ ಮುಂಬಯಿ ನಗರ ಅದನ್ನು ಕೂಡಲೇ ಒಪ್ಪಲಿಲ್ಲ. ೩೯ ನಿಮಿಷ ಹಿಂದಿದ್ದ ತನ್ನದೇ ‘ಬಾಂಬೆ ಟೈಮ್’ ಅನ್ನು ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಉಳಿಸಿಕೊಂಡಿತ್ತು. ವಿದೇಶದ ವಿಮಾನಗಳಲ್ಲಿ ಈ ತೊಡಕು ಇಂದಿಗೂ ಇದೆ. ಟಿಕೆಟ್ಟಿನ ಎರಡು ಹೊತ್ತುಗಳನ್ನು ಕಳೆದು ಪ್ರಯಾಣದ ಕಾಲವೆಂದು ಎಣಿಸುವವನು ಮೋಸಹೋಗುವನು.

೭. ಸ್ಥಳ ಬದಲಾಯಿಸಿದ ನಿಲ್ದಾಣಗಳು

ಊರು ಕದಲದಿದ್ದರೂ ವಿಮಾನದ ದೂರ ಬದಲಾಗಬಹುದು. ೨೦೦೮ರ ಮೇ ತಿಂಗಳವರೆಗೆ ಬೆಂಗಳೂರಿನ ವಿಮಾನಗಳು ಹಿಂದೂಸ್ತಾನ್ ವಿಮಾನ ಕಾರ್ಖಾನೆಯ ಪಕ್ಕದ ಹಳೆಯ ನಿಲ್ದಾಣದಲ್ಲಿ ಇಳಿಯುತ್ತಿದ್ದವು. ಮೇಲೆ ಹೇಳಿದ ಕ್ರಮದಲ್ಲಿಯೇ ಲೆಕ್ಕ ಹಾಕಿದರೆ ಮುಂಬಯಿಯಿಂದ ಅಲ್ಲಿಗೆ ಸುಮಾರು ೮೫೨ ಕಿಲೋಮೀಟರು. ಆ ತಿಂಗಳ ೨೪ರಂದು ದೇವನಹಳ್ಳಿಯ ನಿಲ್ದಾಣ ತೆರೆದಾಗ ಮುಂಬಯಿ–ಬೆಂಗಳೂರಿನ ವಿಮಾನದ ದೂರ ಸುಮಾರು ೨೦ ಕಿಲೋಮೀಟರು ಕಡಿಮೆಯಾಯಿತು. ವಿಮಾನಕ್ಕೆ ಉಳಿದ ಕಾಲ ಒಂದೂವರೆ ನಿಮಿಷ.

ಪ್ರಯಾಣಿಕನಿಗೆ ಆದುದೇನು? ಹಳೆಯ ನಿಲ್ದಾಣ ನಗರದ ನಡುಭಾಗದಿಂದ ಸುಮಾರು ೧೦ ಕಿಲೋಮೀಟರು. ಹೊಸದು ಸುಮಾರು ೩೫. ಆಕಾಶದಲ್ಲಿ ಒಂದೂವರೆ ನಿಮಿಷ ಗಳಿಸಿ ರಸ್ತೆಯಲ್ಲಿ ಮುಕ್ಕಾಲು ಗಂಟೆಯನ್ನೋ ಒಂದು ಗಂಟೆಯನ್ನೋ ತೆತ್ತಂತಾಯಿತು. ಹಳೆಯ ನಿಲ್ದಾಣಕ್ಕೆ ಬೆಳೆಯಲು ಜಾಗವಿರಲಿಲ್ಲವಾದುದರಿಂದ ಈ ಬದಲಾವಣೆ ಅನಿವಾರ್ಯವಾಗಿದ್ದಿರಬಹುದು. ಆದರೆ ವಿಮಾನದ ದೂರವೂ ಮನುಷ್ಯನ ದೂರವೂ ಒಂದಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರಕದು. ೨೦೨೫ರ ಅಕ್ಟೋಬರಿನಲ್ಲಿ ನವಿ ಮುಂಬಯಿಯ ನಿಲ್ದಾಣ ಉದ್ಘಾಟನೆಯಾಯಿತು. ಅಲ್ಲಿಂದ ಬೆಂಗಳೂರಿನ ನೇರ ದೂರ ಇನ್ನೂ ೨೦ ಕಿಲೋಮೀಟರಿನಷ್ಟು ಕಡಿಮೆ. ಆದರೆ ಪನವೇಲಿನವನಿಗೆ ಅದು ಅನುಕೂಲ, ಬೋರಿವಲಿಯವನಿಗೆ ಅಲ್ಲ.

೮. ಮನೆಯಿಂದ ಮನೆಗೆ

ಡೊಂಬಿವಲಿಯ ಗೃಹಸ್ಥನೊಬ್ಬನು ಬಸವನಗುಡಿಯ ತನ್ನ ತಾಯಿಯ ಮನೆಗೆ ಹೊರಟನೆಂದು ಇಟ್ಟುಕೊಳ್ಳಬಹುದು. ಮನೆಯಿಂದ ಸಾಂತಾಕ್ರೂಜಿಗೆ ಒಂದೂವರೆ ಗಂಟೆ. ಸಾಮಾನು ಒಪ್ಪಿಸಿಕೊಳ್ಳುವ ಕಟ್ಟೆ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುವುದರಿಂದ ಅಲ್ಲಿ ಒಂದೂವರೆ ಗಂಟೆ ಮುಂಚಿತವಾಗಿ ಇರಬೇಕು. ವಿಮಾನಕ್ಕೆ ಒಂದು ಮುಕ್ಕಾಲು ಗಂಟೆ. ಇಳಿದು, ಪೆಟ್ಟಿಗೆ ಪಡೆದು ಹೊರಬರಲು ಅರ್ಧ ಗಂಟೆ. ದೇವನಹಳ್ಳಿಯಿಂದ ಬಸವನಗುಡಿಗೆ ಒಂದು ಮುಕ್ಕಾಲು ಗಂಟೆ. ಒಟ್ಟು ಏಳು ಗಂಟೆ. ಇದರಲ್ಲಿ ೮೩೩ ಕಿಲೋಮೀಟರಿನ ದೂರಕ್ಕೆ ಸಲ್ಲುವ ಪಾಲು ಒಂದು ಗಂಟೆ, ಏಳರಲ್ಲಿ ಒಂದು. ಉಳಿದ ಆರು ಪಾಲು ಎರಡು ಮಹಾನಗರಗಳ ರಸ್ತೆಗೂ ಸರದಿಗೂ ಸೇರಿದವು. ವಿಮಾನದ ವೇಗ ಇಮ್ಮಡಿಯಾದರೂ ಅವನಿಗೆ ಉಳಿಯುವುದು ಅರ್ಧ ಗಂಟೆ ಮಾತ್ರ.

ಹಾಗಿದ್ದರೂ ವಿಮಾನದ ಪ್ರಯೋಜನ ದೊಡ್ಡದೇ. ಅದು ಕೇವಲ ವೇಗದಿಂದ ಬಂದುದಲ್ಲ. ದಿನಕ್ಕೆ ಒಂದೇ ಗಾಡಿಯಿರುವಲ್ಲಿ ಯಾವ ಹೊತ್ತಿನಲ್ಲಿ ಸುದ್ದಿ ಬಂದೀತೆಂದು ತಿಳಿಯದವನು ಸರಾಸರಿ ಹನ್ನೆರಡು ಗಂಟೆ ಕಾಯಬೇಕು. ಗಂಟೆಗೊಂದು ವಿಮಾನವಿದ್ದರೆ ಕಾಯಬೇಕಾದುದು ಸರಾಸರಿ ಅರ್ಧ ಗಂಟೆ. ಈ ಎರಡು ನಗರಗಳ ನಡುವೆ ಮುಂಜಾನೆಯಿಂದ ರಾತ್ರಿಯವರೆಗೆ ಬಿಟ್ಟೂಬಿಡದೆ ವಿಮಾನಗಳಿವೆ. ದೂರವನ್ನು ತಗ್ಗಿಸುವುದರಲ್ಲಿ ವೇಗದಷ್ಟೇ ಪಾಲು ಈ ಮರುಕಳಿಕೆಗೂ ಉಂಟು. ವೇಳಾಪಟ್ಟಿಯ ಅಂಕೆಯಲ್ಲಿ ಇದು ಕಾಣುವುದಿಲ್ಲ.

ರಾತ್ರಿ ಒಂಬತ್ತಕ್ಕೆ ತಾಯಿಯ ಸ್ಥಿತಿ ಚಿಂತಾಜನಕವೆಂದು ಕರೆ ಬಂದಿತೆನ್ನೋಣ. ಅಂದಿನ ಕೊನೆಯ ವಿಮಾನ ಹಿಡಿಯುವುದು ಆಗದ ಮಾತು. ನಸುಕಿನ ಮೂರಕ್ಕೆ ಮನೆ ಬಿಟ್ಟು ಐದೂವರೆಯ ವಿಮಾನ ಹಿಡಿದರೆ ಒಂಬತ್ತೂವರೆಗೆ ಬಸವನಗುಡಿ. ಕರೆಯಿಂದ ಹನ್ನೆರಡೂವರೆ ಗಂಟೆ; ಅದರಲ್ಲಿ ಆರು ಗಂಟೆ ಬರಿಯ ಕಾಯುವಿಕೆ. ಕೂಡಲೇ ಮೋಟಾರಿನಲ್ಲಿ ಹೊರಟರೆ ರಾತ್ರಿಯೆಲ್ಲ ನಿದ್ದೆಗೆಟ್ಟು ಮರುದಿನ ಮಧ್ಯಾಹ್ನ. ಮರುದಿನ ಬೆಳಿಗ್ಗೆಯ ರೈಲು ಹಿಡಿದರೆ ಅದರ ಮಾರನೆಯ ಬೆಳಿಗ್ಗೆ. ವಿಮಾನವೇ ಮೊದಲು ಮುಟ್ಟುವುದು ನಿಜ. ಆದರೆ ‘ಒಂದು ಮುಕ್ಕಾಲು ಗಂಟೆಯಲ್ಲಿ ಬಂದೆ’ ಎಂದು ದೂರವಾಣಿಯಲ್ಲಿ ಮಾತು ಕೊಟ್ಟವನು ಆ ಮಾತನ್ನು ಉಳಿಸಿಕೊಳ್ಳಲಾರ. ಅತ್ತ ಕಡೆಯವರು ಕಾಯುತ್ತಿರುವುದು ಅವನು ಹೇಳಿದ ಹೊತ್ತಿಗೆ.

ಹಿಂದಿನ ತಲೆಮಾರಿಗೆ ಈ ಸಂದೇಹವೇ ಇರಲಿಲ್ಲ. ತಂತಿ ಕೈಸೇರಿ, ರಜೆ ದೊರೆತು, ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿ ಕಳೆದು ಮುಟ್ಟುವಷ್ಟರಲ್ಲಿ ದಹನಕಾರ್ಯ ಮುಗಿದಿರುತ್ತಿತ್ತು. ಮಗನ ಪಾಲಿಗೆ ಉಳಿಯುತ್ತಿದ್ದುದು ಅಸ್ಥಿಸಂಚಯನ. ತಂತಿ ಸೇವೆ ೨೦೧೩ರ ಜುಲೈಯಲ್ಲಿ ನಿಂತುಹೋಯಿತು. ಈಗ ಸುದ್ದಿ ಗಳಿಗೆಯಲ್ಲಿ ಮುಟ್ಟುವುದು, ಮಗನೂ ಮುಟ್ಟಬಹುದು. ‘ಮಗ ಬರುವವರೆಗೆ ತಡೆಯೋಣವೇ’ ಎಂದು ಊರಿನ ಹಿರಿಯರು ಕೇಳುವುದು ಈ ಸಾಧ್ಯತೆ ಇರುವುದರಿಂದಲೇ. ಆ ಪ್ರಶ್ನೆಗೆ ನಿಖರವಾದ ಉತ್ತರ ಕೊಡುವುದು ಅವನ ಕರ್ತವ್ಯ.

೯. ಊರು ಯಾವುದು?

ಇಷ್ಟೆಲ್ಲ ಹೇಳಿದುದು ಬೆಂಗಳೂರಿನ ಮಾತಾಯಿತು. ಮುಂಬಯಿಯ ಕನ್ನಡಿಗರೆಲ್ಲರ ಊರು ಬೆಂಗಳೂರಲ್ಲ. ಕಲಬುರಗಿಯವನಿಗೆ ಬೆಂಗಳೂರಿನ ವಿಮಾನದಿಂದ ಏನೂ ಪ್ರಯೋಜನವಿಲ್ಲ. ಮುಂಬಯಿಯಿಂದ ಹಳಿಯ ಮೇಲೆ ಸುಮಾರು ೫೭೦ ಕಿಲೋಮೀಟರು ದೂರದ ತನ್ನ ಊರಿಗೆ ರಾತ್ರಿಯ ರೈಲಿನಲ್ಲಿ ಮಲಗಿ ಬೆಳಿಗ್ಗೆ ಇಳಿಯುವುದೇ ಅವನಿಗೆ ಹತ್ತಿರ. ಗದಗಿನವನಾದರೆ ವಿಮಾನವು ಅವನ ಊರಿನ ನೆತ್ತಿಯ ಸಮೀಪದಲ್ಲಿಯೇ ಹಾದುಹೋಗುವುದು, ಆದರೆ ಇಳಿಸದು. ಉಡುಪಿ, ಮಂಗಳೂರುಗಳ ಕಡೆಯವನಿಗೆ ೧೯೯೮ರ ಜನವರಿಯಲ್ಲಿ ಪೂರ್ಣವಾದ ಕೊಂಕಣ ರೈಲ್ವೆ ಮಾಡಿದ ಉಪಕಾರವನ್ನು ಯಾವ ವಿಮಾನದ ಅಂಕೆಯೂ ಹೇಳಲಾರದು.

ಆದಕಾರಣ ಎರಡು ನಗರಗಳ ನಡುವಣ ವಿಮಾನದ ದೂರವನ್ನೂ ಕಾಲವನ್ನೂ ತಿಳಿದಿರುವುದು ಉಪಯುಕ್ತವಾದರೂ ಅದು ಲೆಕ್ಕದ ಒಂದು ಕಲಮು ಮಾತ್ರ. ಕರೆ ಬಂದ ಹೊತ್ತು, ಮುಂದಿನ ವಿಮಾನದ ಅಥವಾ ಗಾಡಿಯ ಹೊತ್ತು, ಎರಡೂ ತುದಿಯ ರಸ್ತೆಯ ಕಾಲ, ಇವನ್ನು ಕೂಡಿಸಿದಾಗ ಬರುವ ಮೊತ್ತವೇ ಒಬ್ಬನು ತನ್ನ ಊರಿನಿಂದ ಇರುವ ನಿಜವಾದ ದೂರ. ಅದು ಮನೆಮನೆಗೂ ಬೇರೆ, ಹಗಲಿಗೂ ರಾತ್ರಿಗೂ ಬೇರೆ. ಹೊರನಾಡಿನ ಗೃಹಸ್ಥನು ಬಿಡುವಿನ ದಿನದಲ್ಲಿ ಒಮ್ಮೆ ಕುಳಿತು ತನ್ನ ಮನೆಗೆ ಸಲ್ಲುವ ಈ ಮೊತ್ತವನ್ನು ಬರೆದಿಡುವುದು ಒಳ್ಳೆಯದು. ನಡುರಾತ್ರಿ ಕರೆ ಬಂದಾಗ ಕೈ ನಡುಗುತ್ತಿರುವುದು. ಲೆಕ್ಕ ಹಾಕಲು ಅದು ತಕ್ಕ ಸಮಯವಲ್ಲ.